ಕೂಗಿದರೆ ಕೇಳೀತೆ?

ದೂರದಲ್ಲಿರುವವನಿಗೆ ಮಾತು ಕೇಳಿಸಬೇಕಾದರೆ ದನಿಯನ್ನು ಎತ್ತರಿಸಬೇಕು ಎಂಬುದು ಮನುಷ್ಯನು ತೊಟ್ಟಿಲಿನಲ್ಲಿಯೇ ಕಲಿತ ಪಾಠ. ತಾಯಿ ಅಡಿಗೆಮನೆಯಲ್ಲಿದ್ದರೆ ಕೂಸು ಒಂದು ಸ್ವರದಲ್ಲಿ ಅಳುತ್ತದೆ. ಬಾವಿಕಟ್ಟೆಯ ಬಳಿ ಇದ್ದರೆ ಇನ್ನೊಂದು ಸ್ವರದಲ್ಲಿ. ಬದುವಿನ ಮೇಲೆ ನಿಂತು ಹೊಲದ ಆಚೆಯ ಅಂಚಿನವನನ್ನು ಕರೆಯುವ ಒಕ್ಕಲಿಗ, ಹೊಳೆಯ ಎದುರು ದಡದ ಅಂಬಿಗನಿಗೆ ಕೂಗುಹಾಕುವ ದಾರಿಗ, ಗದ್ದಲದ ಸಂತೆಯಲ್ಲಿ ಹೆಂಡತಿಯನ್ನು ಹುಡುಕುವ ಗಂಡ, ಇವರೆಲ್ಲರೂ ಈ ಒಂದೇ ಶಾಸ್ತ್ರದ ಅನುಯಾಯಿಗಳು. ಟ್ರಂಕ್ ಕಾಲ್ ಇದ್ದ ಕಾಲದಲ್ಲಿ ಅಂಚೆಕಚೇರಿಯ ಗೂಡಿನೊಳಗೆ ನಿಂತು ಬೊಂಬಾಯಿಯಲ್ಲಿದ್ದ ಮಗನೊಡನೆ ಮಾತನಾಡುತ್ತಿದ್ದ ತಂದೆಯ ದನಿ ಇಡೀ ಬೀದಿಗೆ ಕೇಳುತ್ತಿದ್ದಿತು. ಮಗನಿಗೆ ಕೇಳಿಸಿತೋ ಇಲ್ಲವೋ, ಮನೆಯ ಸಮಾಚಾರವಂತೂ ಊರಿಗೆಲ್ಲ ತಿಳಿಯುತ್ತಿದ್ದಿತು. ಬೊಂಬಾಯಿ ಇಷ್ಟು ದೂರವಿರುವಾಗ ಮೆಲ್ಲಗೆ ಮಾತನಾಡುವುದು ಆ ತಂದೆಯ ಬುದ್ಧಿಗೆ ಒಪ್ಪುವ ಮಾತಾಗಿರಲಿಲ್ಲ.

ಈ ನಂಬಿಕೆಯಲ್ಲಿ ತಪ್ಪೇನೂ ಇಲ್ಲ. ಬಯಲಿನಲ್ಲಿ, ಗಾಳಿಯಲ್ಲಿ, ಸ್ವಲ್ಪ ದೂರದವರೆಗೆ ಇದು ಸತ್ಯವೇ ಸರಿ. ಆದರೆ ಒಂದೆಡೆ ಸತ್ಯವಾದ ಮಾತನ್ನು ಎಲ್ಲೆಡೆಯೂ ಸತ್ಯವೆಂದು ಹಿಡಿದು ಹೊರಡುವುದು ಮನುಷ್ಯನ ಹಳೆಯ ಚಾಳಿ. ಆ ಚಾಳಿಗೆ ಒಮ್ಮೆ ಒಂದು ಮಹಾಸಾಗರವೇ ಉತ್ತರ ಹೇಳಿತು. ಮೂರೂವರೆ ಲಕ್ಷ ಪೌಂಡುಗಳ ಬಂಡವಾಳ, ಎರಡು ದೇಶಗಳ ಹಡಗುಗಳು, ಎರಡು ಖಂಡಗಳ ಜನರ ಆಸೆ, ಇಷ್ಟನ್ನೂ ಕಡಲಿನ ತಳದಲ್ಲಿಟ್ಟು ಕಲಿತ ಪಾಠ ಅದು. ಕೂಗಿದವನು ಮನುಷ್ಯನಲ್ಲ, ವಿದ್ಯುತ್ತು. ಕೂಗಿಸಿದವನು ಮಾತ್ರ ಮನುಷ್ಯನೇ.

ತಂತಿಯ ಮೂಲಕ ಮಾತನ್ನು ಕಳುಹಿಸುವ ಕಲೆಯಲ್ಲಿ ಮೂಲತಃ ಗಹನವಾದದ್ದೇನೂ ಇಲ್ಲ. ಇಡೀ ವಾಕ್ಯವನ್ನು ಒಮ್ಮೆಗೇ ತಂತಿಗೆ ತುಂಬಲಾಗದು. ಅಕ್ಷರಗಳನ್ನು ಬಿಡಿಸಿ, ಒಂದೊಂದು ಅಕ್ಷರವನ್ನೂ ಕೆಲವು ಮಿಡಿತಗಳನ್ನಾಗಿ ಮಾಡಿ, ಒಂದರ ಹಿಂದೆ ಒಂದರಂತೆ ಸಾಲಾಗಿ ಕಳುಹಿಸಬೇಕು. ಮಗ್ಗಿಯ ಹುಡುಗರು ಸಾಲಿನಲ್ಲಿ ನಿಂತು ಒಬ್ಬೊಬ್ಬರಾಗಿ ಬಾಗಿಲು ದಾಟುವಂತೆ ಮಿಡಿತಗಳು ತಂತಿಯನ್ನು ದಾಟುತ್ತವೆ. ಆಚೆ ಕಡೆಯಲ್ಲಿರುವವನು ಅವನ್ನು ಎಣಿಸಿ ಮತ್ತೆ ಅಕ್ಷರವಾಗಿ ಕೂಡಿಸಿಕೊಳ್ಳುತ್ತಾನೆ. ೧೮೪೪ರಲ್ಲಿ ಅಮೆರಿಕದ ಮೋರ್ಸನು ವಾಷಿಂಗ್‌ಟನ್ನಿನಿಂದ ಬಾಲ್ಟಿಮೋರಿಗೆ ಹೀಗೆ ಸಂದೇಶವನ್ನು ಕಳುಹಿಸಿದ ಮೇಲೆ ಹತ್ತು ವರ್ಷಗಳೊಳಗೆ ಈ ವಿದ್ಯೆ ಲೋಕವನ್ನೇ ಸುತ್ತತೊಡಗಿತು. ಭಾರತದಲ್ಲಿ ೧೮೫೧ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ತಂತಿ ಎಳೆದರು. ೧೮೫೩ರ ನವೆಂಬರಿನಲ್ಲಿ ಓಶಾಗ್ನೆಸಿ ಎಂಬ ವೈದ್ಯನ ಮೇಲ್ವಿಚಾರಣೆಯಲ್ಲಿ ನಾಲ್ಕು ಸಾವಿರ ಮೈಲಿಗಳ ಕೆಲಸ ಆರಂಭವಾಯಿತು. ಆ ಜಾಲದಲ್ಲಿ ಬೊಂಬಾಯಿ, ಮದರಾಸುಗಳೊಡನೆ ಬೆಂಗಳೂರೂ ಸೇರಿದ್ದಿತು. ಕನ್ನಡಿಗರು ಆ ಲೋಹದ ಎಳೆಯ ಹೆಸರನ್ನೇ ಸುದ್ದಿಗೂ ಕೊಟ್ಟರು. 'ತಂತಿ ಬಂತು' ಎಂದರೆ ಸಾಕು, ಓದುವುದಕ್ಕೆ ಮೊದಲೇ ಮನೆಯಲ್ಲಿ ಅಳು ಏಳುತ್ತಿದ್ದಿತು. ೨೦೧೩ರ ಜುಲೈ ತಿಂಗಳಲ್ಲಿ ಭಾರತದ ತಂತಿ ಸೇವೆ ಕೊನೆಗೊಂಡಿತು. ಅಳುವಿಗೆ ಬೇರೆ ವಾಹನಗಳು ದೊರೆತವು.

ನೆಲದ ಮೇಲೆ ತಂತಿ ಉದ್ದವಾದಷ್ಟೂ ವಿದ್ಯುತ್ತು ಕ್ಷೀಣಿಸುತ್ತದೆ. ಇದಕ್ಕೆ ಪರಿಹಾರವನ್ನು ಹಿಂದೆಯೇ ಕಂಡುಕೊಂಡಿದ್ದರು. ಹಳೆಯ ಕಾಲದ ಅಂಚೆಯವನು ಒಂದೇ ಕುದುರೆಯನ್ನು ಶ್ರೀರಂಗಪಟ್ಟಣದಿಂದ ಪುಣೆಯವರೆಗೆ ಓಡಿಸುತ್ತಿರಲಿಲ್ಲ. ಕಟ್ಟೆ ಕಟ್ಟೆಗೂ ಹೊಸ ಕುದುರೆ ಸಿದ್ಧವಿರುತ್ತಿದ್ದಿತು. ತಂತಿಯಲ್ಲಿಯೂ ಹಾಗೆಯೇ. ದಣಿದು ಬಂದ ಮಿಡಿತಕ್ಕೆ ಒಂದು ಹಗುರವಾದ ಸನ್ನೆಯನ್ನು ಅಲುಗಿಸುವಷ್ಟು ಬಲ ಉಳಿದಿದ್ದರೆ ಸಾಕು. ಆ ಸನ್ನೆ ಅಲ್ಲಿಯೇ ಇರುವ ಹೊಸ ಬ್ಯಾಟರಿಯ ಬಾಗಿಲನ್ನು ತೆರೆಯುತ್ತದೆ. ಹೊಸ ಬಲದ ಮಿಡಿತ ಮುಂದಿನ ಕಟ್ಟೆಗೆ ಓಡುತ್ತದೆ. ಇದಕ್ಕೆ ರಿಲೇ ಎಂದು ಹೆಸರು. ಗಮನಿಸಬೇಕಾದದ್ದೆಂದರೆ, ಇಲ್ಲಿಯೂ ಮೊದಲ ಊರಿನವನು ಕಿರುಚುವುದಿಲ್ಲ. ನಡುವಿನವನು ಕೇಳಿಸಿಕೊಂಡು ತನ್ನ ಬಾಯಿಂದ ಮತ್ತೆ ಹೇಳುತ್ತಾನೆ.

ಆದರೆ ಕಡಲಿನ ನಡುವೆ ಕುದುರೆ ಕಟ್ಟುವ ಕಟ್ಟೆಯೆಲ್ಲಿ? ಐರ್ಲೆಂಡಿನ ವ್ಯಾಲೆನ್ಷಿಯಾ ದ್ವೀಪದಿಂದ ಅಮೆರಿಕದ ಕಡೆಯ ನ್ಯೂಫೌಂಡ್‌ಲೆಂಡಿನವರೆಗೆ ಸುಮಾರು ಎರಡು ಸಾವಿರ ಮೈಲಿಗಳ ನೀರು. ಅಷ್ಟನ್ನೂ ಮಿಡಿತ ಒಂದೇ ಉಸಿರಿಗೆ ದಾಟಬೇಕು. ನ್ಯೂಯಾರ್ಕಿನ ಕಾಗದದ ವ್ಯಾಪಾರಿ ಸೈರಸ್ ಫೀಲ್ಡನು ಈ ಸಾಹಸಕ್ಕೆ ಕೈಹಾಕಿ ೧೮೫೬ರಲ್ಲಿ ಇಂಗ್ಲೆಂಡಿನಲ್ಲಿ ಸಂಸ್ಥೆಯೊಂದನ್ನು ಕಟ್ಟಿದಾಗ ಅದರಲ್ಲಿ ಇಬ್ಬರು ಪರಸ್ಪರ ವಿರುದ್ಧ ಸ್ವಭಾವದವರು ಬಂದು ಸೇರಿದರು.

ಒಬ್ಬನು ವೈಲ್ಡ್‌ಮನ್ ವೈಟ್‌ಹೌಸ್. ಬ್ರೈಟನ್ನಿನ ಶಸ್ತ್ರವೈದ್ಯ, ವಿದ್ಯುತ್ತಿನ ಪ್ರಯೋಗಗಳಲ್ಲಿ ಕೈ ಪಳಗಿಸಿಕೊಂಡವನು, ಸಂಸ್ಥೆಯ ಮುಖ್ಯ ವಿದ್ಯುತ್ತಜ್ಞನಾಗಿ ನೇಮಕಗೊಂಡವನು. ಇನ್ನೊಬ್ಬನು ವಿಲಿಯಂ ಥಾಮ್ಸನ್. ಇಪ್ಪತ್ತೆರಡನೆಯ ವಯಸ್ಸಿಗೇ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದವನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಲೋಕಪ್ರಸಿದ್ಧನಾದವನು. ಆಗ ಸಂಸ್ಥೆಯ ನಿರ್ದೇಶಕರಲ್ಲಿ ಒಬ್ಬನು ಮಾತ್ರ. ವೈಟ್‌ಹೌಸನು ಕೈಯನ್ನು ನಂಬಿದವನು, ಥಾಮ್ಸನ್ನನು ಲೆಕ್ಕವನ್ನು ನಂಬಿದವನು ಎಂದು ಹೇಳುವುದುಂಟು. ಅದು ಅರ್ಧ ಸತ್ಯ. ಥಾಮ್ಸನ್ನನ ಕೈಯೂ ಚುರುಕಾದದ್ದೇ. ಭೇದವಿದ್ದದ್ದು ಬೇರೆಡೆಯಲ್ಲಿ. ಸಂದೇಶ ತಲುಪದಿದ್ದರೆ ಹೇಳುವವನು ಬಲವನ್ನು ಹೆಚ್ಚಿಸಬೇಕು ಎಂದು ಒಬ್ಬನ ಮತ. ಕೇಳುವವನು ಕಿವಿಯನ್ನು ಚುರುಕುಗೊಳಿಸಬೇಕು ಎಂದು ಇನ್ನೊಬ್ಬನ ಮತ.

ಥಾಮ್ಸನ್ನನ ಮತಕ್ಕೆ ಆಧಾರವಾದ ಲೆಕ್ಕವನ್ನು ಸ್ವಲ್ಪ ವಿಚಾರಿಸಬೇಕು. ಕಡಲಿನ ತಂತಿ ನೆಲದ ತಂತಿಯಂತಲ್ಲ. ನಡುವೆ ತಾಮ್ರದ ಎಳೆ, ಅದರ ಸುತ್ತ ಗಟ್ಟಾಪರ್ಚವೆಂಬ ಮರದ ಹಾಲಿನ ಅಂಟಿನ ಹೊದಿಕೆ, ಅದರ ಹೊರಗೆ ಕಬ್ಬಿಣದ ಕವಚ, ಎಲ್ಲಕ್ಕೂ ಹೊರಗೆ ಉಪ್ಪುನೀರು. ಒಳಗೊಂದು ವಾಹಕ, ಹೊರಗೊಂದು ವಾಹಕ, ನಡುವೆ ಅವಾಹಕ. ವಿದ್ಯುತ್ತನ್ನು ಕೂಡಿಡುವ ಪಾತ್ರೆಯ ಲಕ್ಷಣವೇ ಇದು. ಆದುದರಿಂದ ಕಡಲಿನ ಕೇಬಲ್ಲು ವಿದ್ಯುತ್ತನ್ನು ಸಾಗಿಸುವ ಕಾಲುವೆಯೂ ಹೌದು, ಹೀರಿ ಹಿಡಿದಿಟ್ಟುಕೊಳ್ಳುವ ಪಾತ್ರೆಯೂ ಹೌದು. ಒಣಗಿದ ಮರಳುಗಾಲುವೆಗೆ ನೀರು ಬಿಟ್ಟವರಿಗೆ ಇದರ ಅನುಭವವಿದೆ. ಮಡೆಯನ್ನು ತೆರೆದ ಕೂಡಲೆ ನೀರು ಕೊನೆಯ ಪಾತಿಗೆ ಮುಟ್ಟುವುದಿಲ್ಲ. ದಾರಿಯುದ್ದಕ್ಕೂ ಮರಳು ಕುಡಿಯುತ್ತದೆ. ಮಡೆಯನ್ನು ಮುಚ್ಚಿದ ಮೇಲೆಯೂ ನೀರು ನಿಲ್ಲುವುದಿಲ್ಲ. ಮರಳು ಕುಡಿದದ್ದು ಸ್ವಲ್ಪ ಸ್ವಲ್ಪವಾಗಿ ಒಸರುತ್ತದೆ. ಈ ಕೊನೆಯಲ್ಲಿ ಚಾಕುವಿನ ಅಲಗಿನಂತೆ ಹರಿತವಾಗಿ ಹೊರಟ ಮಿಡಿತ ಆ ಕೊನೆಯಲ್ಲಿ ಮೆಲ್ಲನೆ ಏರಿ ಮೆಲ್ಲನೆ ಇಳಿಯುವ ದಿಬ್ಬವಾಗಿ ಬರುತ್ತದೆ. ಹಿಂದಿನ ದಿಬ್ಬ ಇಳಿಯುವುದಕ್ಕೆ ಮುಂಚೆ ಮುಂದಿನದು ಏರಿದರೆ ಎರಡೂ ಬೆರೆತು ಅಕ್ಷರವೇ ಕರಗಿ ಹೋಗುತ್ತದೆ. ಈ ವಿಳಂಬವು ತಂತಿಯ ಉದ್ದದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂದು ಥಾಮ್ಸನ್ನನು ೧೮೫೪ರ ಸುಮಾರಿಗೇ ಲೆಕ್ಕಹಾಕಿ ತೋರಿಸಿದ್ದನು. ತಂತಿ ಎರಡರಷ್ಟಾದರೆ ವಿಳಂಬ ನಾಲ್ಕರಷ್ಟು, ಹತ್ತರಷ್ಟಾದರೆ ನೂರರಷ್ಟು.

ಈ ಲೆಕ್ಕದಲ್ಲಿ ತಾಮ್ರದ ದಪ್ಪ ಬರುತ್ತದೆ, ಹೊದಿಕೆಯ ದಪ್ಪ ಬರುತ್ತದೆ, ಉದ್ದ ಬರುತ್ತದೆ. ಕಳುಹಿಸುವವನ ಬ್ಯಾಟರಿಯ ಒತ್ತಡ ಮಾತ್ರ ಎಲ್ಲಿಯೂ ಬರುವುದಿಲ್ಲ. ಒತ್ತಡವನ್ನು ಇಮ್ಮಡಿಗೊಳಿಸಿದರೆ ದಿಬ್ಬ ಇಮ್ಮಡಿ ಎತ್ತರವಾಗುತ್ತದೆ, ನಿಜ. ಆದರೆ ಅದರ ಬಾಲವೂ ಇಮ್ಮಡಿಯಾಗುತ್ತದೆ. ಅದು ಆರುವ ಹೊತ್ತು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಬಿಜಾಪುರದ ಗೋಲಗುಮ್ಮಟವನ್ನು ಹತ್ತಿದ ಹುಡುಗರಿಗೆ ಈ ತತ್ತ್ವವನ್ನು ಬೇರೆ ವಿವರಿಸಬೇಕಾಗಿಲ್ಲ. ಒಮ್ಮೆ ಕೂಗಿದರೆ ಗುಮ್ಮಟ ಏಳೆಂಟು ಸಲ ಮಾರ್ದನಿ ಕೊಡುತ್ತದೆ. ಮಾರ್ದನಿಯನ್ನು ಮೀರಿಸಬೇಕೆಂದು ಗಟ್ಟಿಯಾಗಿ ಕೂಗಿದರೆ ಮಾರ್ದನಿಯೂ ಅಷ್ಟೇ ಗಟ್ಟಿಯಾಗುತ್ತದೆ. ಕೊನೆಗೆ ಉಳಿಯುವುದು ಗದ್ದಲವೊಂದೇ. ಅಲ್ಲಿಯೇ ಒಬ್ಬನು ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದರೆ, ಎದುರು ಬದಿಯಲ್ಲಿ ಗೋಡೆಗೆ ಕಿವಿಯಿಟ್ಟು ನಿಂತವನಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ.

ವೈಟ್‌ಹೌಸನು ಈ ಲೆಕ್ಕವನ್ನು ಒಪ್ಪಲಿಲ್ಲ. ಕಡಲು ಕಾಲೇಜಿನ ಕರಿಹಲಗೆಯಲ್ಲ ಎಂಬುದು ಅವನ ವಾದದ ಸಾರಾಂಶ. ಥಾಮ್ಸನ್ನನು ದಪ್ಪ ತಾಮ್ರ ಬೇಕೆಂದು ಹೇಳುವ ವೇಳೆಗೆ ತೆಳುವಾದ ತಾಮ್ರಕ್ಕೆ ಬೇಡಿಕೆ ಹೋಗಿ ಆಗಿದ್ದಿತು: ಒಂದು ಕಡಲಮೈಲಿಗೆ ೧೦೭ ಪೌಂಡು ತಾಮ್ರ. ಕೆಲಸವೆಲ್ಲ ಆತುರದ್ದು. ಎರಡು ಕಾರ್ಖಾನೆಗಳು ಅರ್ಧರ್ಧ ಕೇಬಲ್ಲನ್ನು ತಯಾರಿಸಿದವು. ಹೊರಗಿನ ಕಬ್ಬಿಣದ ಎಳೆಗಳನ್ನು ಒಂದು ಕಾರ್ಖಾನೆ ಬಲಕ್ಕೆ ಹುರಿಮಾಡಿತು, ಇನ್ನೊಂದು ಎಡಕ್ಕೆ. ಎರಡನ್ನೂ ನಡುಗಡಲಿನಲ್ಲಿ ಜೋಡಿಸಬೇಕಾಗಿದ್ದಿತು! ಸಿದ್ಧವಾದ ಕೇಬಲ್ಲು ಬಿಸಿಲಿನಲ್ಲಿ ಬಿದ್ದು ಅದರ ಗಟ್ಟಾಪರ್ಚ ಅಲ್ಲಲ್ಲಿ ಮೆದುವಾಗಿ ಒಳಗಿನ ತಾಮ್ರ ನಡುವನ್ನು ಬಿಟ್ಟು ಸರಿದಿದ್ದಿತು. ಹುಟ್ಟುವಾಗಲೇ ಕಾಯಿಲೆ ಹೊತ್ತುಕೊಂಡು ಬಂದ ಕೂಸು ಅದು.

೧೮೫೭ರ ಮೊದಲ ಪ್ರಯತ್ನದಲ್ಲಿ ಕೇಬಲ್ಲು ಕಡಿದು ಕಡಲಿನ ಪಾಲಾಯಿತು. ೧೮೫೮ರ ಜೂನಿನಲ್ಲಿ ಮತ್ತೆ ಹೊರಟಾಗ ಬಿರುಗಾಳಿಗೆ ಸಿಕ್ಕಿ 'ಅಗಮೆಮ್ನಾನ್' ಎಂಬ ಹಡಗು ಮುಳುಗುವುದೊಂದು ಬಾಕಿಯಿದ್ದಿತು. ಮುಖ್ಯ ವಿದ್ಯುತ್ತಜ್ಞನಾದ ವೈಟ್‌ಹೌಸನು ದೇಹಸ್ಥಿತಿಯ ಕಾರಣ ಹೇಳಿ ದಡದಲ್ಲಿಯೇ ಉಳಿದನು. ಸಂಬಳವಿಲ್ಲದೆ, ಅಧಿಕಾರವಿಲ್ಲದೆ, ಅವನ ಬದಲಿಗೆ ಹಡಗು ಹತ್ತಿದವನು ಥಾಮ್ಸನ್. ಜುಲೈ ೨೯ರಂದು ನಡುಗಡಲಿನಲ್ಲಿ ಎರಡು ತುಂಡುಗಳನ್ನು ಬೆಸೆದು, 'ಅಗಮೆಮ್ನಾನ್' ಪೂರ್ವಕ್ಕೂ 'ನಯಾಗರ' ಪಶ್ಚಿಮಕ್ಕೂ ಹೊರಟವು. ಆಗಸ್ಟ್ ೫ರಂದು ಎರಡೂ ತುದಿಗಳು ದಡ ಸೇರಿದವು.

ಹಡಗಿನ ಕತ್ತಲ ಕೋಣೆಯಲ್ಲಿ ಇಷ್ಟು ದಿನವೂ ತಂತಿಯ ಉಸಿರನ್ನು ನೋಡಿಕೊಂಡದ್ದು ಥಾಮ್ಸನ್ನನ ಹೊಸ ಉಪಕರಣ. ಅದರ ರಚನೆ ಸರಳವಾದದ್ದು. ಒಂದು ಪುಟ್ಟ ಕನ್ನಡಿ. ಅದರ ಬೆನ್ನಿಗೆ ಅಂಟಿಸಿದ ಕಿರಿದಾದ ಆಯಸ್ಕಾಂತದ ಚೂರುಗಳು. ಎಲ್ಲವೂ ಸೇರಿ ಒಂದು ಗುಲಗಂಜಿಯ ತೂಕಕ್ಕಿಂತ ಹೆಚ್ಚಲ್ಲ. ಅದನ್ನು ತೂಗಹಾಕಿದ್ದು ಒಂದು ರೇಷ್ಮೆಯ ಎಳೆಯಿಂದ. ಸುತ್ತಲೂ ತಂತಿಯ ಸುರುಳಿ. ಸುರುಳಿಯಲ್ಲಿ ಅತಿ ಕ್ಷೀಣವಾದ ವಿದ್ಯುತ್ತು ಹರಿದರೂ ಕನ್ನಡಿ ಕೂದಲೆಳೆಯಷ್ಟು ತಿರುಗುತ್ತದೆ. ದೀಪದ ಬೆಳಕನ್ನು ಕನ್ನಡಿಯ ಮೇಲೆ ಬಿಟ್ಟರೆ, ಅಲ್ಲಿಂದ ಹಿಮ್ಮರಳಿದ ಬೆಳಕಿನ ಚುಕ್ಕೆ ದೂರದ ಅಳತೆಪಟ್ಟಿಯ ಮೇಲೆ ಅಂಗುಲಗಟ್ಟಲೆ ಸರಿಯುತ್ತದೆ. ಬಲಕ್ಕೆ ಸರಿದರೆ ಒಂದು ಚಿಹ್ನೆ, ಎಡಕ್ಕೆ ಸರಿದರೆ ಇನ್ನೊಂದು. ಬೆಳಕಿಗೆ ಭಾರವಿಲ್ಲದುದರಿಂದ ಅದನ್ನು ಅಲುಗಿಸಲು ವಿದ್ಯುತ್ತು ದುಡಿಯಬೇಕಾಗಿಲ್ಲ. ಒಬ್ಬನು ಚುಕ್ಕೆಯನ್ನು ನೋಡಿ ಹೇಳುವುದು, ಇನ್ನೊಬ್ಬನು ಬರೆದುಕೊಳ್ಳುವುದು. ಮಕ್ಕಳು ಬಿಸಿಲಿನಲ್ಲಿ ಕನ್ನಡಿಯ ಚೂರನ್ನು ಹಿಡಿದು ಎದುರುಮನೆಯ ಗೋಡೆಯ ಮೇಲೆ ಬೆಳಕನ್ನು ಕುಣಿಸುವ ಆಟವೇ ಇಲ್ಲಿ ಶಾಸ್ತ್ರವಾಯಿತು.

ಕೇಬಲ್ಲು ದಡ ಸೇರಿದ ಕೂಡಲೆ ವ್ಯಾಲೆನ್ಷಿಯಾದಲ್ಲಿ ಅಧಿಕಾರ ವೈಟ್‌ಹೌಸನ ಕೈಗೆ ಬಂದಿತು. ಅವನು ಕನ್ನಡಿಯ ಆಟವನ್ನು ಪಕ್ಕಕ್ಕೆ ಸರಿಸಿ ತನ್ನ ಯಂತ್ರಗಳನ್ನು ಜೋಡಿಸಿದನು. ಐದೈದು ಅಡಿ ಉದ್ದದ ಪ್ರೇರಕ ಸುರುಳಿಗಳು; ಅವುಗಳ ಒತ್ತಡ ಸುಮಾರು ಎರಡು ಸಾವಿರ ವೋಲ್ಟು. ಅಷ್ಟನ್ನೂ ಆ ಬಡಕಲು ತಂತಿಯೊಳಕ್ಕೆ ನುಗ್ಗಿಸಿದನು. ಆಚೆ ದಡದಲ್ಲಿ ಅರ್ಥವಾಗುವಂಥದ್ದೇನೂ ಕಾಣಲಿಲ್ಲ. ಕಾಣದಿದ್ದಷ್ಟೂ ಇಲ್ಲಿ ಹಟ ಹೆಚ್ಚಿತು. ಆ ದಿನಗಳಲ್ಲಿ ಎರಡು ದಡಗಳ ನಡುವೆ ನಡೆದ ಸಂಭಾಷಣೆಯ ದಾಖಲೆ ಉಳಿದಿದೆ. ಅದರಲ್ಲಿ ಹೆಚ್ಚಿನ ಪಾಲು, ಮತ್ತೊಮ್ಮೆ ಹೇಳಿರಿ, ನಿಧಾನವಾಗಿ ಕಳುಹಿಸಿರಿ, ಕೇಳಿಸುತ್ತಿದೆಯೆ, ಎಂಬ ಮಾತುಗಳೇ. ಮನುಷ್ಯರು ಮಹಾಸಾಗರವನ್ನು ಗೆದ್ದು ಆಡಿದ ಮೊದಲ ಮಾತುಗಳು ಇವು!

ಕೊನೆಗೆ ಕನ್ನಡಿಯನ್ನೂ ಸಾಧಾರಣ ಬ್ಯಾಟರಿಗಳನ್ನೂ ಮರಳಿ ತಂದ ಮೇಲೆಯೇ ಕೆಲಸ ನಡೆಯಿತು. ಆಗಸ್ಟ್ ೧೬ರಂದು ರಾಣಿ ವಿಕ್ಟೋರಿಯಾ ಅಮೆರಿಕದ ಅಧ್ಯಕ್ಷ ಬುಕಾನನ್ನನಿಗೆ ಕಳುಹಿಸಿದ ಅಭಿನಂದನೆ ನೂರಕ್ಕೆ ಹತ್ತಿರದಷ್ಟು ಪದಗಳದು. ಅದು ದಾಟಲು ಹದಿನಾರು ಗಂಟೆಗಳಷ್ಟು ಹಿಡಿಯಿತು. ಅಷ್ಟಾದರೂ ಹಡಗಿನ ಹತ್ತು ಹನ್ನೆರಡು ದಿನಗಳ ಪ್ರಯಾಣಕ್ಕೆ ಅದು ಪವಾಡವೇ ಅಲ್ಲವೆ? ನ್ಯೂಯಾರ್ಕಿನ ಜನ ಹುಚ್ಚೆದ್ದು ಕುಣಿದರು. ಬಾಣಬಿರುಸುಗಳ ಕಿಡಿ ತಗುಲಿ ನಗರಸಭಾ ಭವನದ ಗುಮ್ಮಟಕ್ಕೆ ಬೆಂಕಿ ಹತ್ತಿತು. ಮಿಕ್ಕ ಕೇಬಲ್ಲಿನ ಚೂರುಗಳನ್ನು ಆಭರಣದ ಅಂಗಡಿಯಲ್ಲಿ ನೆನಪಿನ ಕಾಣಿಕೆಯಾಗಿ ಮಾರಿದರು.

ವೈಟ್‌ಹೌಸನ ಕಥೆಯಲ್ಲಿ ಮನಸ್ಸಿಗೆ ನೋವುಂಟುಮಾಡುವ ಭಾಗ ಅವನ ಎರಡು ಸಾವಿರ ವೋಲ್ಟಲ್ಲ. ತಪ್ಪು ತಿಳಿದವರು ಲೋಕದಲ್ಲಿ ಬಹಳ ಮಂದಿ. ನೋವಿನ ಭಾಗ ಇದು: ಸಂದೇಶವನ್ನು ಥಾಮ್ಸನ್ನನ ಕನ್ನಡಿಯಿಂದ ಓದಿಕೊಂಡು, ಅದನ್ನೇ ತನ್ನ ಯಂತ್ರದ ಮೂಲಕ ಮತ್ತೆ ಕಾಗದದ ಮೇಲೆ ಮೂಡಿಸಿ, ತನ್ನ ಯಂತ್ರವೇ ಗ್ರಹಿಸಿತು ಎಂಬಂತೆ ಅವನು ತೋರಿಸಿದನು. ತಾನು ಪಕ್ಕಕ್ಕೆ ಸರಿಸಿದ ಕಿವಿಯಿಂದಲೇ ಕೇಳಿಸಿಕೊಂಡು, ತನ್ನ ಕಂಠಕ್ಕೆ ಜಯಕಾರ ಹೇಳಿಸಿಕೊಂಡಂತೆ. ವಿಷಯ ಬಯಲಾಗಿ ಆಗಸ್ಟ್ ಮುಗಿಯುವ ಮೊದಲೇ ನಿರ್ದೇಶಕ ಮಂಡಲಿ ಅವನನ್ನು ಕೆಲಸದಿಂದ ತೆಗೆಯಿತು. ಯಂತ್ರ ಕೆಟ್ಟರೆ ತಿದ್ದಬಹುದು. ಕೆಟ್ಟಿಲ್ಲವೆಂದು ತೋರಿಸಲು ಹೊರಟ ಮನಸ್ಸನ್ನು ತಿದ್ದುವ ಉಪಕರಣ ಇನ್ನೂ ಬಂದಿಲ್ಲ.

ಅಷ್ಟರಲ್ಲಿ ತಂತಿಯ ಉಸಿರು ಕುಗ್ಗುತ್ತಿದ್ದಿತು. ಕುಗ್ಗುವ ಮುನ್ನ ಅದು ಮಾಡಿದ ಒಂದು ಕೆಲಸಕ್ಕೆ ಭಾರತದ ಸಂಬಂಧವಿದೆ. ೧೮೫೭ರ ಸ್ವಾತಂತ್ರ್ಯ ಸಂಗ್ರಾಮವನ್ನು ಅಡಗಿಸಲು ಬ್ರಿಟಿಷ್ ಸರಕಾರ ಕೆನಡಾದ ಕಡೆಯಿಂದ ಎರಡು ರೆಜಿಮೆಂಟುಗಳನ್ನು ಹಿಂದಕ್ಕೆ ಕರೆಸಲು ಅಪ್ಪಣೆ ಮಾಡಿದ್ದಿತು. ೧೮೫೮ರ ಜೂನಿನಲ್ಲಿ ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿಯಾಗಿದ್ದಿತು. ಉತ್ತರದಲ್ಲಿಯೂ ದಂಗೆ ಬಹುಮಟ್ಟಿಗೆ ಅಡಗಿದ್ದಿತು. ಇನ್ನು ಆ ಸೈನ್ಯ ಬೇಕಾಗಿಲ್ಲವೆಂಬ ಆಜ್ಞೆ ಆಗಸ್ಟಿನ ಕೊನೆಯಲ್ಲಿ ಕಡಲಡಿಯ ತಂತಿಯ ಮೂಲಕ ಹೋಯಿತು. ಹಡಗುಗಳು ಹೊರಡುವುದು ತಪ್ಪಿ ಸರಕಾರಕ್ಕೆ ಐವತ್ತು ಸಾವಿರ ಪೌಂಡುಗಳಿಗೆ ಕಡಿಮೆಯಿಲ್ಲದ ವೆಚ್ಚ ಉಳಿಯಿತೆಂದು ಲೆಕ್ಕ. ನರಗುಂದದ ಬೀದಿಗಳಲ್ಲಿ ಕಣ್ಣೀರು ಆರುವ ಮುನ್ನವೇ ಲಂಡನ್ನಿನಲ್ಲಿ ಉಳಿತಾಯದ ಲೆಕ್ಕ ಬರೆದರು. ತಂತಿಗೆ ಧರ್ಮಾಧರ್ಮಗಳಿಲ್ಲ; ಅದು ಕೊಟ್ಟದ್ದನ್ನು ಒಯ್ಯುತ್ತದೆ.

ಸೆಪ್ಟೆಂಬರ್ ಆರಂಭದಲ್ಲಿ ಮಾತು ತೊದಲಿತು, ಬಳಿಕ ನಿಂತಿತು. ಏಳುನೂರಕ್ಕೂ ಹೆಚ್ಚು ಸಂದೇಶಗಳನ್ನು ಹೊತ್ತ ತಂತಿ ಒಂದು ತಿಂಗಳೂ ಸರಿಯಾಗಿ ಬಾಳಲಿಲ್ಲ. ಕುಣಿದಿದ್ದ ಜನ ಮುನಿದರು. ಸಂದೇಶ ಬಂದದ್ದೇ ಸುಳ್ಳು, ಎಲ್ಲವೂ ಷೇರು ಮಾರುವವರ ನಾಟಕ ಎಂದು ಹೇಳಿದವರೂ ಉಂಟು. ಸಂಸ್ಥೆಯೂ ಸರಕಾರವೂ ಕೂಡಿ ನಡೆಸಿದ ವಿಚಾರಣೆಯ ವರದಿ ೧೮೬೧ರಲ್ಲಿ ಹೊರಬಿದ್ದಿತು. ಹೊದಿಕೆಯ ಯಾವುದೋ ದುರ್ಬಲ ಸ್ಥಳವನ್ನು ಆ ಮಹಾ ಒತ್ತಡ ಸುಟ್ಟು, ವಿದ್ಯುತ್ತು ಕಡಲಿಗೆ ಸೋರಿಹೋಗುವಂತೆ ಮಾಡಿತು ಎಂಬುದು ಜನಜನಿತವಾದ ತೀರ್ಮಾನ. ನ್ಯಾಯವಾಗಿ ಹೇಳುವುದಾದರೆ ಅಪರಾಧವೆಲ್ಲ ವೈಟ್‌ಹೌಸನೊಬ್ಬನದಲ್ಲ. ಆತುರದಲ್ಲಿ ತಯಾರಾಗಿ, ಬಿಸಿಲಿನಲ್ಲಿ ಬಾಡಿ, ಹಲವು ಬಾರಿ ಹಡಗು ಹತ್ತಿ ಇಳಿದ ಆ ಕೇಬಲ್ಲು ಹೇಗಿದ್ದರೂ ಬಹುಕಾಲ ಬದುಕುತ್ತಿರಲಿಲ್ಲ. ರೋಗಿ ಮೊದಲೇ ಕ್ಷೀಣನಾಗಿದ್ದನು; ವೈದ್ಯನು ಕಷಾಯದ ಬದಲು ಕಾಯಿಸಿದ ಕಬ್ಬಿಣವನ್ನು ಹಿಡಿದು ಬಂದನು, ಅಷ್ಟೆ. ವೈಟ್‌ಹೌಸನು ತನ್ನನ್ನು ಸಮರ್ಥಿಸಿಕೊಳ್ಳುತ್ತ ಕರಪತ್ರಗಳನ್ನು ಬರೆದನು. ೧೮೯೦ರಲ್ಲಿ ತೀರಿಕೊಂಡನು. ಅವನು ಹೇಳಿದ್ದನ್ನು ಕೇಳುವವರು ಆ ವೇಳೆಗೆ ಬಹಳ ಕಡಿಮೆಯಾಗಿದ್ದರು.

ಆದರೆ ಆ ನಷ್ಟ ವ್ಯರ್ಥವಾಗಲಿಲ್ಲ. ೧೮೬೫ರಲ್ಲಿಯೂ ೧೮೬೬ರಲ್ಲಿಯೂ ಹೊಸ ಕೇಬಲ್ಲುಗಳನ್ನು ಮಾಡಿದಾಗ ಕಡಲಮೈಲಿಗೆ ೩೦೦ ಪೌಂಡು ತಾಮ್ರ, ೪೦೦ ಪೌಂಡು ಗಟ್ಟಾಪರ್ಚ ಹಾಕಿದರು. ಪ್ರತಿಯೊಂದು ಅಡಿಯನ್ನೂ ಪರೀಕ್ಷಿಸಿದರು. 'ಗ್ರೇಟ್ ಈಸ್ಟರ್ನ್' ಎಂಬ ಮಹಾನೌಕೆ ಅದನ್ನು ಹೊತ್ತುಕೊಂಡು ಹೊರಟಿತು. ೧೮೬೫ರದು ನಡುದಾರಿಯಲ್ಲಿ ಕಡಿಯಿತು. ೧೮೬೬ರ ಜುಲೈ ೨೭ರಂದು ಇನ್ನೊಂದು ದಡ ಸೇರಿತು. ಅಷ್ಟಕ್ಕೇ ತೃಪ್ತರಾಗದೆ ಹಿಂದಿನ ವರ್ಷ ಮುಳುಗಿದ್ದ ತುದಿಯನ್ನು ಎರಡು ಮೈಲಿ ಆಳದಿಂದ ಕೊಕ್ಕೆ ಹಾಕಿ ಎತ್ತಿ, ಬೆಸೆದು, ಅದನ್ನೂ ಪೂರ್ಣಗೊಳಿಸಿದರು.

ಆಗ ಲ್ಯಾಟಿಮರ್ ಕ್ಲಾರ್ಕ್ ಎಂಬ ಎಂಜಿನಿಯರನಿಗೆ ಒಂದು ಕುತೂಹಲ ಹುಟ್ಟಿತು. ನ್ಯೂಫೌಂಡ್‌ಲೆಂಡಿನಲ್ಲಿ ಎರಡು ಕೇಬಲ್ಲುಗಳ ತುದಿಗಳನ್ನೂ ಒಂದಕ್ಕೊಂದು ಕೂಡಿಸುವಂತೆ ಹೇಳಿದನು. ಈಗ ವ್ಯಾಲೆನ್ಷಿಯಾದಿಂದ ಹೊರಟ ಮಿಡಿತ ಕಡಲನ್ನು ದಾಟಿ, ಮರಳಿ ಕಡಲನ್ನು ದಾಟಿ, ವ್ಯಾಲೆನ್ಷಿಯಾಕ್ಕೇ ಬರಬೇಕು: ಸುಮಾರು ೩,೭೦೦ ಮೈಲಿ. ಬ್ಯಾಟರಿಗಾಗಿ ಅವನು ಆ ದ್ವೀಪದ ಗೌರವಸ್ಥನೊಬ್ಬನ ಮಗಳ ಬೆಳ್ಳಿಯ ಅಂಗುಸ್ತಾನವನ್ನು ಎರವಲು ಪಡೆದನು. ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ಬೆರಳ ತುದಿಗೆ ತೊಡುವ ಪುಟ್ಟ ಟೋಪಿ ಅದು. ಅದರೊಳಗೆ ಕೆಲವು ಹನಿ ಆಮ್ಲ, ಒಂದು ಚೂರು ಸತು. ಇಷ್ಟೇ ಬ್ಯಾಟರಿ, ಇದರ ಒತ್ತಡ ಒಂದು ವೋಲ್ಟಿನ ಸುತ್ತಮುತ್ತ. ತಂತಿಯನ್ನು ಮುಟ್ಟಿಸಿದ ಒಂದೆರಡು ಕ್ಷಣಗಳಲ್ಲಿ ಕತ್ತಲ ಕೋಣೆಯ ಪಟ್ಟಿಯ ಮೇಲೆ ಬೆಳಕಿನ ಚುಕ್ಕೆ ಸ್ಪಷ್ಟವಾಗಿ ಸರಿಯಿತು. ಎರಡು ಸಾವಿರ ವೋಲ್ಟು ಒಂದು ಸಾಗರವನ್ನು ದಾಟಲಾರದೆ ಹೋದದ್ದು ೧೮೫೮ರಲ್ಲಿ. ಅಂಗುಸ್ತಾನದಷ್ಟು ವಿದ್ಯುತ್ತು ಅದೇ ಸಾಗರವನ್ನು ಎರಡು ಬಾರಿ ದಾಟಿದ್ದು ೧೮೬೬ರಲ್ಲಿ. ನಡುವೆ ಕಳೆದದ್ದು ಎಂಟೇ ವರ್ಷ.

ಹಾಗಾದರೆ ದನಿಯನ್ನು ಎತ್ತರಿಸುವುದು ಸರ್ವಥಾ ತಪ್ಪೆಂದು ಹೇಳಬೇಕೆ? ಹಾಗೆ ಹೇಳಿದರೆ ಅದೂ ಇನ್ನೊಂದು ತುದಿಯ ಹಟವಾದೀತು. ಎತ್ತರಿಸಲೇಬೇಕಾದ ಸಂದರ್ಭಗಳುಂಟು, ಆದರೆ ಅದಕ್ಕೆ ಒಂದು ಮರ್ಯಾದೆಯುಂಟು. ಆ ಮರ್ಯಾದೆಯನ್ನು ಲಿಖಿತವಾಗಿ ಮಾಡಿದವರು ನೂರು ವರ್ಷಗಳ ತರುವಾಯದ ಯಂತ್ರತಜ್ಞರು. ೧೯೬೦ರಲ್ಲಿ ಅಮೆರಿಕದಲ್ಲಿ, ಯಂತ್ರ ಯಂತ್ರಗಳು ಸಾಲು ಮಿಡಿತಗಳ ಮೂಲಕ ಮಾತನಾಡಿಕೊಳ್ಳುವುದಕ್ಕೆ ಆರ್‌ಎಸ್-೨೩೨ ಎಂಬ ಒಪ್ಪಂದವೊಂದು ಹುಟ್ಟಿತು. ಮುಂದೆ ಗಣಕಯಂತ್ರಗಳ ಬೆನ್ನಿನಲ್ಲಿ ದಶಕಗಳ ಕಾಲ ಇದ್ದದ್ದು ಇದೇ ಕಿಂಡಿ. ಇದರಲ್ಲಿ ಹೇಳುವವನು ಕಡಿಮೆಯೆಂದರೆ ಐದು ವೋಲ್ಟು ಕೊಡಬೇಕು, ಹದಿನೈದನ್ನು ಮೀರಬಾರದು. ಕೇಳುವವನು ಮೂರು ವೋಲ್ಟು ಬಂದರೂ ಅರ್ಥಮಾಡಿಕೊಳ್ಳಬೇಕು. ನಡುವಿನ ಎರಡು ವೋಲ್ಟು ದಾರಿಯ ಸುಂಕ. ಸವೆತಕ್ಕೂ ಗದ್ದಲಕ್ಕೂ ಬಿಟ್ಟುಕೊಟ್ಟದ್ದು.

ಕಾಲಕ್ರಮದಲ್ಲಿ ಯಂತ್ರಗಳ ಒಳಗಿನ ವಿದ್ಯುತ್ತು ಐದೇ ವೋಲ್ಟಿಗೆ ಇಳಿಯಿತು. ಅದರಲ್ಲಿಯೂ ಋಣದ ಕಡೆಯ ವೋಲ್ಟು ಇಲ್ಲವೇ ಇಲ್ಲ. ಒಪ್ಪಂದಕ್ಕಾದರೋ ಧನ ಋಣಗಳೆರಡೂ ಬೇಕು. ೧೯೮೭ರಲ್ಲಿ ಮ್ಯಾಕ್ಸ್-೨೩೨ ಎಂಬ ಉಗುರಿನಷ್ಟಗಲದ ಚಿಪ್ಪು ಬಂದು ಈ ಕೊರತೆಯನ್ನು ನೀಗಿಸಿತು. ಅದರ ಉಪಾಯ ಹಳ್ಳಿಯವರ ಬುದ್ಧಿಗೆ ಹತ್ತಿರವಾದದ್ದು. ಮೊದಲು ಒಂದು ಧಾರಕಕ್ಕೆ ಐದು ವೋಲ್ಟನ್ನು ತುಂಬಿಕೊಳ್ಳುತ್ತದೆ, ತುಂಬಿದ ಕೊಡವನ್ನು ಮೂಲದ ಐದರ ಮೇಲೆ ಏರಿಸಿಡುತ್ತದೆ, ಹತ್ತಾಯಿತು. ಆ ಹತ್ತನ್ನು ಇನ್ನೊಂದು ಧಾರಕಕ್ಕೆ ತುಂಬಿ, ಅದನ್ನು ತಲೆಕೆಳಗು ಮಾಡಿ ಜೋಡಿಸುತ್ತದೆ, ಋಣ ಹತ್ತಾಯಿತು. ಈ ತುಂಬುವ ಎತ್ತುವ ಕೆಲಸ ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತಿರುತ್ತದೆ. ಹೊರಗಿನವನಿಗೆ ಕೇಳುವಂತೆ ದನಿ ಏರಿತು. ಏರಿದ್ದು ಮಿತಿಯೊಳಗೆ, ಆಚೆಯವನ ಕಿವಿಯನ್ನು ಬಲ್ಲವನು ಏರಿಸಿದಂತೆ. ಇನ್ನೊಂದು ವಿಶೇಷ: ಬರುವ ದನಿಯನ್ನು ಇಳಿಸಿ ಒಳಗಿನವರಿಗೆ ಒಪ್ಪಿಸುವ ಕೆಲಸವನ್ನೂ ಅದೇ ಚಿಪ್ಪು ಮಾಡುತ್ತದೆ. ಗಟ್ಟಿ ಮಾತಿನ ಹಿರಿಯರಿಗೂ ಮೆಲುದನಿಯ ಸೊಸೆಗೂ ನಡುವೆ ನಿಂತು ಮನೆಯನ್ನು ನಡೆಸುವ ಅತ್ತಿಗೆಯಂತೆ.

ಅಷ್ಟಾದರೂ ಆ ಕಿಂಡಿಯ ದನಿ ಹೋಗುವುದು ಐವತ್ತು ಅಡಿಗಳವರೆಗೆ ಎಂಬುದು ವಾಡಿಕೆಯ ಲೆಕ್ಕ. ಕಾರ್ಖಾನೆಯ ಒಂದು ಕೊನೆಯಿಂದ ಇನ್ನೊಂದಕ್ಕೆ ಮಾತು ಹೋಗಬೇಕಾದಾಗ ವೋಲ್ಟುಗಳನ್ನು ಇನ್ನೂ ಏರಿಸಲಿಲ್ಲ, ಇಳಿಸಿದರು. ೧೯೮೩ರಲ್ಲಿ ಬಂದ ಆರ್‌ಎಸ್-೪೮೫ ಎಂಬ ಕ್ರಮದಲ್ಲಿ ಒಂದು ಎಳೆಯ ಬದಲು ಹೊಸೆದ ಎರಡು ಎಳೆಗಳು. ಹೇಳುವವನು ಅವುಗಳ ನಡುವೆ ಒಂದೂವರೆ ವೋಲ್ಟಿನ ವ್ಯತ್ಯಾಸವನ್ನು ತೋರಿಸಿದರೆ ಸಾಕು. ಕೇಳುವವನು ಒಂದು ವೋಲ್ಟಿನ ಐದನೆಯ ಒಂದು ಭಾಗದಷ್ಟು ವ್ಯತ್ಯಾಸವನ್ನೂ ಗುರುತಿಸುತ್ತಾನೆ. ದಾರಿಯ ಗದ್ದಲ ಎರಡು ಎಳೆಗಳಿಗೂ ಸಮನಾಗಿ ತಗಲುತ್ತದೆ. ವ್ಯತ್ಯಾಸವನ್ನು ಮಾತ್ರ ನೋಡುವವನಿಗೆ ಗದ್ದಲ ಲೆಕ್ಕಕ್ಕೇ ಬರುವುದಿಲ್ಲ. ಇದು ಹೋಗುವ ದೂರ ೧,೨೦೦ ಮೀಟರು, ಎಂದರೆ ಮುಕ್ಕಾಲು ಮೈಲಿ.

ಥಾಮ್ಸನ್ನನು ೧೮೬೬ರಲ್ಲಿ ಸರ್ ಎನಿಸಿದನು, ೧೮೯೨ರಲ್ಲಿ ಲಾರ್ಡ್ ಎನಿಸಿದನು, ೧೯೦೭ರಲ್ಲಿ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ನನ ಸಮೀಪದಲ್ಲಿ ಅವನಿಗೆ ಸ್ಥಳ ದೊರೆ�ಯಿತು. ಆದರೆ ಅವನ ಕೀರ್ತಿಗಿಂತ ಅವನ ಕನ್ನಡಿಯೇ ನೆನಪಿನಲ್ಲಿ ಉಳಿಯತಕ್ಕದ್ದು. ವೇದಿಕೆಗಳಲ್ಲಿ, ಸಭೆಗಳಲ್ಲಿ, ಒಂದೇ ಸೂರಿನ ಕೆಳಗಿನ ಎರಡು ಕೋಣೆಗಳ ನಡುವೆ, ಮಾತು ತಲುಪಲಿಲ್ಲವೆಂದು ಜನ ದನಿಯನ್ನು ಏರಿಸುತ್ತಲೇ ಇರುತ್ತಾರೆ. ನಡುವಿನ ಹೊದಿಕೆ ಎಲ್ಲಿ ಸುಟ್ಟಿತೆಂಬುದು ಮೌನ ಕವಿದ ಮೇಲೆಯೇ ಗೊತ್ತಾಗುತ್ತದೆ. ಯಂತ್ರಗಳು ತಮ್ಮತಮ್ಮೊಳಗೆ ಮಾಡಿಕೊಂಡ ಒಪ್ಪಂದ ಇದಕ್ಕಿಂತ ಮೇಲಾದದ್ದು. ಹೇಳುವವನು ಐದು ಕೊಡಬೇಕು, ಕೇಳುವವನು ಮೂರಕ್ಕೆ ಒಪ್ಪಬೇಕು, ಎರಡನ್ನು ದಾರಿಗೆ ಬಿಡಬೇಕು. ಸಂಸಾರಕ್ಕೂ ಇಷ್ಟೇ ಲೆಕ್ಕ ಸಾಕು.